ಅಡ್ಡಗೆರೆ ಬಿದ್ದ ಹೆಸರು

ದೊಡ್ಡವರ ಕಥೆ ಹೇಳುವವರು ಅವರ ಮಠ, ಗದ್ದುಗೆ, ಪಲ್ಲಕ್ಕಿಗಳಿಂದ ಶುರುಮಾಡುತ್ತಾರೆ. ಮಾತೆ ತಾಮಾರ್ ಅವರಿಗೆ ಇವು ಯಾವುವೂ ಇರಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಹೋಲ್ಡನ್‌ಶಾ ಎಂಬ ಗಿರಣಿ ಊರಿನಲ್ಲಿ, ಬಡವರ ಕೇರಿಯ ಒಂದು ನೆಲಮಾಳಿಗೆಯಲ್ಲಿ ಅವರು ವಾಸವಾಗಿದ್ದರು. ಒಂದು ಮರದ ತೊಟ್ಟಿ, ಒಂದು ಒಲೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ, ಅದರ ಮೇಲೆ ಊರವರ ಒದ್ದೆ ಬಟ್ಟೆ. ಬೀದಿಯ ಮಟ್ಟದಲ್ಲಿದ್ದ ಕಿಟಕಿಯಿಂದ ಹೋಗಿಬರುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ನಾನು ಹೇಳಹೊರಟ ವರ್ಷದ ಚಳಿಗಾಲದಲ್ಲಿ ಅವುಗಳಲ್ಲಿ ಹೆಚ್ಚಿನವು ಬರಿಗಾಲು. ಜೋಡುಗಳನ್ನು ಒತ್ತೆಯಿಟ್ಟು ಜನ ರೊಟ್ಟಿ ತಂದಿದ್ದರು.

ಮಾತೆಯವರು ಹುಟ್ಟಿದ್ದು ಅಮೆರಿಕದ ದಕ್ಷಿಣದ ಹತ್ತಿಹೊಲದಲ್ಲಿ, ಗುಲಾಮರ ಮಗಳಾಗಿ. ನಡುವಯಸ್ಸಿನಲ್ಲಿ ತಪ್ಪಿಸಿಕೊಂಡು ಬಾಸ್ಟನ್ ಪಟ್ಟಣ ಸೇರಿದರು. ಓಡಿಹೋದ ಗುಲಾಮರನ್ನು ಹಿಡಿಯುವವರು ಅಲ್ಲಿಗೂ ಬೆನ್ನಟ್ಟಿ ಬಂದಾಗ ಹಡಗು ಹತ್ತಿ ಸಮುದ್ರ ದಾಟಿದರು. ಹೋಲ್ಡನ್‌ಶಾದ ಗುಲಾಮಗಿರಿ ವಿರೋಧಿ ಸಂಘದ ಹಿರಿಯರು ಅವರನ್ನು ವೇದಿಕೆಯ ಮೇಲೆ ನಿಲ್ಲಿಸಿ ಬೆನ್ನಿನ ಬಾಸುಂಡೆಗಳ ಕಥೆ ಹೇಳಿಸಬೇಕೆಂದು ಬಹಳ ಆಸೆಪಟ್ಟರು. ಮಾತೆಯವರು ಒಪ್ಪಲಿಲ್ಲ. "ಒಗೆಯೋಕೆ ಬಟ್ಟೆ ಇದ್ರೆ ಕೊಡಿ," ಎಂದರಂತೆ. ನಮ್ಮ ಶರಣರು ಕಾಯಕವೆಂದು ಕರೆದದ್ದನ್ನು ಆ ತಾಯಿ ಯಾರಿಂದಲೂ ಕೇಳಿ ತಿಳಿಯದೆಯೇ ಬದುಕಿ ತೋರಿಸಿದರು. ಮನಸ್ಸು ಕೆಟ್ಟವರು, ಮನೆಯಲ್ಲಿ ಜಗಳವಾಡಿಕೊಂಡವರು ಬಂದು ಆ ತೊಟ್ಟಿಯ ಪಕ್ಕ ಸುಮ್ಮನೆ ಕೂರುತ್ತಿದ್ದರು. ಅವರು ಒಗೆಯುತ್ತಿದ್ದರು, ಇವರು ಕೂತಿರುತ್ತಿದ್ದರು. ಎದ್ದು ಹೋಗುವಾಗ ಎದೆ ಸ್ವಲ್ಪ ಹಗುರವಾಗಿರುತ್ತಿತ್ತು.

ಸಂಘದ ಮುಖ್ಯ ಕೆಲಸ ಕಾಗದ ಬರೆಯುವುದು. ಬಾಸ್ಟನ್ನಿನಲ್ಲಿ ಕಪ್ಪು ಜನರದೇ ಒಂದು ಚರ್ಚ್ ಇತ್ತು. ಆ ಸಭೆಯವರಿಗೂ ಹೋಲ್ಡನ್‌ಶಾದವರಿಗೂ ನಡುವೆ ಹಡಗು ಬಂದಾಗಲೆಲ್ಲ ಪತ್ರಗಳು ಹೋಗಿಬರುತ್ತಿದ್ದವು. ಇಲ್ಲಿಯ ಹಿರಿಯರ ಪತ್ರಗಳಲ್ಲಿ ಮುಕ್ಕಾಲು ಪಾಲು ಅಲಂಕಾರ, ಉಳಿದದ್ದು ವಿಷಯ. ಅವನ್ನು ತಿದ್ದಿ ಮನುಷ್ಯರು ಓದುವ ಹಾಗೆ ಮಾಡುತ್ತಿದ್ದವರು ಸಂಘದ ಕಾರ್ಯದರ್ಶಿ ಲಿಡಿಯಾ ಫೆಲ್, ಕ್ವೇಕರ್ ಎಂಬ ಕ್ರೈಸ್ತ ಪಂಥದ ಶಾಲಾ ಶಿಕ್ಷಕಿ. ಅಕ್ಷರ ಬಾರದ ಮಾತೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವರೂ ಅವರೇ.

ಹೀಗಿರುವಾಗ ಅಮೆರಿಕದಲ್ಲಿ ಗುಲಾಮಗಿರಿಯ ಕಾರಣಕ್ಕೆ ಅಂತರ್ಯುದ್ಧ ಹೊತ್ತಿಕೊಂಡಿತು. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಉತ್ತರದವರ ಹಡಗುಗಳು ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಹಾಕಿ, ಹತ್ತಿ ಹೊರಹೋಗದಂತೆ ತಡೆದವು. ಹತ್ತಿಯಿಲ್ಲದೆ ಲ್ಯಾಂಕಾಶೈರಿನ ಗಿರಣಿಗಳು ಒಂದೊಂದಾಗಿ ನಿಂತವು. ನಮ್ಮ ಧಾರವಾಡ ಸೀಮೆಯ ಹತ್ತಿ ಕುಮಟೆಯ ಬಂದರಿನಿಂದ ಹೊರಟು ಆ ಊರುಗಳ ತನಕ ಹೋದ ಕಾಲ ಅದು. ಎಳೆ ಗಿಡ್ಡ, ಕಸ ಜಾಸ್ತಿ ಎಂದು ಅಲ್ಲಿಯವರು ಬೈದುಕೊಂಡೇ ನೇಯ್ದರು. ಬೈಯಲಿ ಬಿಡಿ, ಹಸಿದ ಹೊಟ್ಟೆಗೆ ಕೋಪ ಬೇಗ. ಆದರೆ ಅದೂ ಸಾಲಲಿಲ್ಲ. ಗೋದಾಮಿನಲ್ಲಿ ಹಳೆಯ ಹತ್ತಿ ಬಚ್ಚಿಟ್ಟಿದ್ದ ಧಣಿಗಳು ಬೆಲೆ ಏರುವುದನ್ನು ನೋಡುತ್ತ ಕೂತರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅದೇ ಧಣಿಗಳು, ಇಂಗ್ಲೆಂಡಿನ ಸರ್ಕಾರ ಯುದ್ಧದ ಹಡಗು ಕಳಿಸಿ ಆ ಮುತ್ತಿಗೆ ಮುರಿಯಲಿ ಎಂದು ಕೂಗೆಬ್ಬಿಸಿದರು.

ನೇಕಾರರು ಬೇರೆ ದಾರಿ ಹಿಡಿದರು. ನಾವು ಹಸಿದಿರುತ್ತೇವೆ, ಮುತ್ತಿಗೆ ಸಡಿಲವಾಗುವುದು ಬೇಡ, ನಿಮ್ಮ ಜನ ಬಿಡುಗಡೆಯಾಗಲಿ ಎಂದು ಬಾಸ್ಟನ್ನಿನ ಸಭೆಗೆ ಊರೆಲ್ಲ ಸೇರಿ ಒಂದು ಪತ್ರ ಕಳಿಸುವುದೆಂದಾಯಿತು. ಲಿಡಿಯಾ ಒಂದು ನಿಯಮ ಮಾಡಿದರು. ಸಹಿ ಹಾಕುವವರು ಮಾತೆಯವರ ನೆಲಮಾಳಿಗೆಗೆ ಬಂದು, ಅವರ ಮುಖ ನೋಡಿ ಹಾಕಬೇಕು. ಯಾರಿಗಾಗಿ ಹಸಿದಿರುತ್ತೇವೆಂಬುದು ಕಣ್ಣಿಗೆ ಕಾಣಲಿ ಎಂಬುದು ಅವರ ಉದ್ದೇಶ. ಓದು ಬಾರದವರು ಸಹಿಯ ಬದಲು ಕತ್ತರಿ ಗುರುತು ಹಾಕಿದರು, ಪಕ್ಕದಲ್ಲಿ ಲಿಡಿಯಾ ಹೆಸರು ಬರೆದರು. ಸೈಲಸ್ ಹಾವರ್ತ್ ಎಂಬ ನೇಕಾರ ಶರತ್ಕಾಲದಲ್ಲೇ ಬಂದು ಗುರುತು ಹಾಕಿ ಎದೆಯುಬ್ಬಿಸಿಕೊಂಡು ಹೋಗಿದ್ದ. ಆಗಿನ್ನೂ ಅವನ ಮನೆಯಲ್ಲಿ ಮಾರುವುದಕ್ಕೆ ಕುರ್ಚಿ ಮಂಚಗಳಿದ್ದವು.

ಡಿಸೆಂಬರಿನ ಒಂದು ಮಧ್ಯಾಹ್ನ ಅದೇ ಸೈಲಸ್ ಮೆಟ್ಟಿಲಿಳಿದು ಬಂದ. ಬಾಗಿಲು ತಟ್ಟಲಿಲ್ಲ, ಟೋಪಿ ತೆಗೆಯಲಿಲ್ಲ. ಲಿಡಿಯಾ ಮೇಜಿನ ಬಳಿ ಕೂತು ಪತ್ರವನ್ನು ಹಡಗಿಗೆ ಸಿದ್ಧಪಡಿಸುತ್ತಿದ್ದರು.

"ನನ್ನ ಹೆಸರು ತೆಗೀರಿ," ಎಂದ.

"ಯಾಕೆ ಸೈಲಸ್, ಏನಾಯ್ತು?" ಎಂದರು ಲಿಡಿಯಾ.

ಅವನು ಅವರನ್ನು ನೋಡಲಿಲ್ಲ. ಮಾತೆಯವರ ಕಡೆ ತಿರುಗಿದ. "ನಿಮ್ಮ ಜನದ ಮಕ್ಕಳು ಬದುಕ್ಲಿ ಅಂತ ಗುರುತು ಹಾಕ್ದೆ. ಇವತ್ತು ಬೆಳಗ್ಗೆ ನನ್ನ ಮಗು ಸತ್ತೋಯ್ತು. ಜ್ವರ ಅಂದ್ರು ಡಾಕ್ಟ್ರು. ಜ್ವರ ಅಲ್ಲ, ಹೊಟ್ಟೆಗಿರ್ಲಿಲ್ಲ. ನಾಲ್ಕು ವರ್ಷ ಅವಳಿಗೆ. ನಾನು ಹಸಿದಿರ್ತೀನಿ ಅಂತ ಬರ್ಕೊಟ್ಟೆ, ಸರಿ. ಅವಳನ್ನ ಯಾರು ಕೇಳಿದ್ರು?"

ಲಿಡಿಯಾ ಕಣ್ತುಂಬಿಕೊಂಡು, ಭಗವಂತನ ಇಚ್ಛೆ, ಲಕ್ಷಾಂತರ ಜನರ ಬಿಡುಗಡೆ ಎಂದು ಏನೋ ಹೇಳಹೊರಟರು. ಸೈಲಸ್ ಅದನ್ನೇ ಕಾಯುತ್ತಿದ್ದ. ಯಾರಾದರೂ ವಾದ ಮಾಡಲಿ, ಮೇಜು ಮಗುಚಿಹಾಕಿ ಹೋಗುತ್ತೇನೆ ಎಂದುಕೊಂಡೇ ಬಂದಿದ್ದನಂತೆ. ಮಾತೆಯವರು ಒದ್ದೆ ಕೈಯೆತ್ತಿ ಲಿಡಿಯಾ ಅವರನ್ನು ತಡೆದರು.

"ಲೇಖನಿ ಅವನ ಕೈಗೆ ಕೊಡಮ್ಮ," ಎಂದರು. ಆಮೇಲೆ ಸೈಲಸನಿಗೆ, "ಹೊಡೆದುಹಾಕಪ್ಪ. ಹೆಸರು ನಿಂದು. ಮನಸ್ಸಿಲ್ಲದೆ ಕೊಟ್ಟಿದ್ದು ನಮಗೆ ಬೇಡ. ಬಲವಂತ ಅಂದ್ರೆ ಏನು ಅಂತ ನಮಗೆ ಗೊತ್ತು."

ಇಷ್ಟೇ ಅವರ ಮಾತು. ಲಿಡಿಯಾ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಸೈಲಸ್ ಲೇಖನಿ ಹಿಡಿದ. ಒಂದು ಸಣ್ಣ ಗೆರೆ, ಅದೂ ಸೊಟ್ಟಗೆ, ಹೇಗೋ ಎಳೆದ. ಆ ಪುಟವನ್ನು ಹೊಸದಾಗಿ ಚೊಕ್ಕಟವಾಗಿ ಬರೆದುಬಿಡುತ್ತೇನೆ ಎಂದರು ಲಿಡಿಯಾ. "ಬೇಡ, ಹಾಗೇ ಹೋಗ್ಲಿ," ಎಂದರು ಮಾತೆಯವರು. "ಇಲ್ಲಿ ಏನಾಗ್ತಿದೆ ಅಂತ ಅವರಿಗೂ ತಿಳೀಲಿ." ಕೆಲಸ ಮುಗಿದ ಮೇಲೂ ಸೈಲಸ್ ಹೋಗಲಿಲ್ಲ. ಜಗಳಕ್ಕೆ ಬಂದವನಿಗೆ ಜಗಳ ಸಿಕ್ಕಿರಲಿಲ್ಲ, ಮನೆಗೆ ಹೋಗುವ ಧೈರ್ಯವೂ ಇರಲಿಲ್ಲ.

ಮಾತೆಯವರು ಕೈ ಒರೆಸಿಕೊಂಡು ಕೇಳಿದರು, "ಮಗು ಎಲ್ಲಿದೆ?"

ತಮ್ಮ ಒಲೆಯ ಕೆಂಡವನ್ನೇ ಒಂದು ಬಾಣಲೆಯಲ್ಲಿ ತುಂಬಿಕೊಂಡು ಅವರು ಸೈಲಸನ ಹಿಂದೆ ನಡೆದರು. ಮನೆಯಲ್ಲಿ ಹುಲ್ಲಿನ ಹಾಸಿಗೆಯೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಅದರ ಮೇಲೆ ಪುಟ್ಟ ಎಲ್ಸಿ ಮಲಗಿದ್ದಳು. ಪಕ್ಕದಲ್ಲಿ ಸೈಲಸನ ಹೆಂಡತಿ ಸೇರಾ ಗೋಡೆ ನೋಡುತ್ತ ಕೂತಿದ್ದಳು, ಬೆಳಗ್ಗಿನಿಂದ ಅತ್ತಿರಲೂ ಇಲ್ಲ. ಮಾತೆಯವರು ನೀರು ಬಿಸಿಮಾಡಿದರು. ಮಗುವಿನ ಮುಖ ತೊಳೆದರು, ಕೈ ತೊಳೆದರು, ಬೆರಳ ಸಂದಿಗಳನ್ನೆಲ್ಲ ಒರೆಸಿದರು. ಸಿಕ್ಕಾಗಿದ್ದ ಕೂದಲನ್ನು ಎಳೆಯದಂತೆ, ನೋವಾದೀತೆಂಬಂತೆ, ಮೆಲ್ಲಗೆ ಬಿಡಿಸಿ ಹೆಣೆದರು. ಕಾಲು ತೊಳೆಯುವಾಗ ಮಾತ್ರ ಅವರ ಕೈ ನಿಂತಿತು. ಆ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತುಬಿಟ್ಟರು.

ಸೇರಾ ಆಗ ಬಾಯಿಬಿಟ್ಟಳು. "ನಿಮಗೆ ಮಕ್ಕಳಿದ್ದಾರಾ, ಅಮ್ಮ?"

"ಇಬ್ಬರು. ಜೋನಾ, ಎಜ್ರಾ. ಸಣ್ಣವರಿದ್ದಾಗಲೇ ಮಾರಿದ್ರು, ಒಬ್ಬೊಬ್ಬನ್ನ ಒಂದೊಂದು ಕಡೆಗೆ. ಹೋಗೋ ಕಾಗದದಲ್ಲೆಲ್ಲ ಕೇಳಿಸ್ತೀನಿ, ಯಾರಾದ್ರೂ ಕಂಡ್ರಾ ಅಂತ." ಆ ಪಾದವನ್ನು ಒರೆಸುತ್ತ ಹೇಳಿದರು, "ಬದುಕಿದ್ದಾರೋ ಇಲ್ವೋ. ಹೋಗಿದ್ರೆ ಯಾರು ತೊಳೆದ್ರೋ."

ಅಷ್ಟು ಕೇಳಿದ್ದೇ ಸೇರಾ ಅವರ ಮಡಿಲಿಗೆ ಬಿದ್ದು ಅತ್ತಳು. ಸೈಲಸ್ ಬಾಗಿಲಲ್ಲೇ ನಿಂತಿದ್ದ. ತನ್ನ ಮನೆ ಮಾತ್ರ ಬರಿದಾಯಿತೆಂದು ತಿಳಿದವನಿಗೆ, ತಾನು ಯಾರ ಮುಖಕ್ಕೆ ಏನು ಹೇಳಿ ಬಂದೆನೆಂಬುದು ಆಗ ಹೊಳೆಯಿತು. ಆದರೂ ಅವನು ತಪ್ಪಾಯಿತೆನ್ನಲಿಲ್ಲ, ಹೆಸರು ಮತ್ತೆ ಬರೆಯಿರಿ ಎನ್ನಲೂ ಇಲ್ಲ. ದುಃಖ ಅಷ್ಟು ಬೇಗ ಬಗ್ಗುವುದಿಲ್ಲ. ಮಗುವನ್ನು ಮಣ್ಣುಮಾಡಿದರು, ಪತ್ರ ಹಡಗು ಹತ್ತಿತು.

ವಸಂತಕಾಲದಲ್ಲಿ ಬಾಸ್ಟನ್ನಿನ ಉತ್ತರ ಬಂತು. ಶಾಲೆಯ ಕೋಣೆಯಲ್ಲಿ ಹಸಿದವರಿಗೆ ಗಂಜಿ ಹಂಚುತ್ತಿದ್ದ ಹೊತ್ತಿನಲ್ಲಿ ಲಿಡಿಯಾ ಎದ್ದುನಿಂತು ಅದನ್ನು ಓದಿದರು. ಸೈಲಸನೂ ಬಟ್ಟಲು ಹಿಡಿದು ಹಿಂದಿನ ಬೆಂಚಿನಲ್ಲಿದ್ದ. ಪತ್ರದಲ್ಲಿ ಅಲಂಕಾರ ಏನೂ ಇರಲಿಲ್ಲ:

"ನಿಮ್ಮ ಹೆಸರುಗಳನ್ನು ಭಾನುವಾರ ಸಭೆಯಲ್ಲಿ ಒಂದೂ ಬಿಡದೆ ಓದಿದೆವು. ಮುದುಕರು ಕೂಡ ಕೂರಲಿಲ್ಲ, ನಿಂತೇ ಕೇಳಿದರು. ಒಂದು ಹೆಸರಿನ ಮೇಲೆ ಗೆರೆಯಿತ್ತು. ಓದುವವರು ಅಲ್ಲಿ ನಿಲ್ಲಿಸಿದರು. ಆಗ ನಮ್ಮ ಒಬ್ಬ ಅಜ್ಜಿ, ಸುಮ್ಮಸುಮ್ಮನೆ ಯಾರೂ ಇಂಥ ಗೆರೆ ಎಳೆಯುವುದಿಲ್ಲ, ಪಾಪ ಆ ಮನುಷ್ಯನಿಗೆ ಏನು ಬಂತೋ, ಅವನಿಗಾಗಿ ಪ್ರಾರ್ಥನೆ ಮಾಡಿ ಎಂದರು. ಹೆಸರು ಓದಲಿಲ್ಲ, ಪ್ರಾರ್ಥನೆ ಮಾಡಿದೆವು. ಅವರ ಮನೆಯಲ್ಲಿ ಎಲ್ಲರೂ ಕ್ಷೇಮವೇ? ದಯವಿಟ್ಟು ತಿಳಿಸಿ."

ಎಲ್ಲರಿಗೂ ಗೊತ್ತಿತ್ತು ಅದು ಯಾರೆಂದು, ಯಾರೂ ತಿರುಗಿ ನೋಡಲಿಲ್ಲ. ಬಡವರಿಗಿರುವ ಮರ್ಯಾದೆ ಅದು. ಲಿಡಿಯಾ ಕಾಗದ ಮಡಿಸುತ್ತಿದ್ದಾಗ, ಗಂಜಿ ಬಡಿಸುತ್ತಿದ್ದ ಮಾತೆಯವರು ಸೌಟು ಹಿಡಿದೇ ಕೇಳಿದರು, "ಜೋನಾ, ಎಜ್ರಾ ವಿಷಯ ಏನೂ ಇಲ್ವಾ?"

"ಈ ಸಲವೂ ಇಲ್ಲ, ಅಮ್ಮ."

"ಸರಿ," ಎಂದು ಅವರು ಮುಂದಿನ ಬಟ್ಟಲಿಗೆ ಗಂಜಿ ಹಾಕಿದರು.

ದೇವರ ಮೇಲೆ ಸಿಟ್ಟು ಬರುವುದು ಇಂಥ ಕಡೆ. ಭಕ್ತರು ಕ್ಷಮಿಸಬೇಕು. ಊರಿಗೆಲ್ಲ ತಾಯಿಯಾದವರ ಒಂದು ಪ್ರಶ್ನೆಗೆ ಆ ದಯಾಮಯನ ಹತ್ತಿರ ಉತ್ತರವಿರಲಿಲ್ಲವೇ ಎಂದು ನಾನಂತೂ ಕೇಳಿಕೊಂಡಿದ್ದೇನೆ. ಮಾತೆಯವರು ಕೇಳಿದಂತೆ ಕಾಣುವುದಿಲ್ಲ.

ಸೈಲಸ್ ಬಟ್ಟಲು ಕೆಳಗಿಟ್ಟು ಎದ್ದು ಬಂದ. ಲಿಡಿಯಾರ ಮುಂದೆ ನಿಂತು ಟೋಪಿ ತೆಗೆದ.

"ಉತ್ತರ ಬರೀರಿ. ಕ್ಷೇಮ ಇಲ್ಲ ಅಂತ ಬರೀರಿ. ಎಲ್ಸಿ ಅಂತ ಮಗಳಿದ್ಲು, ಹೋದ್ಲು ಅಂತ ಬರೀರಿ. ಅವಳನ್ನ ತೊಳೆದು ತಲೆ ಬಾಚಿದ್ದು ಈ ತಾಯಿ. ಈ ತಾಯಿಗೆ ಇಬ್ಬರು ಗಂಡುಮಕ್ಕಳು, ಜೋನಾ, ಎಜ್ರಾ. ನಮ್ಮ ಹೆಸರೆಲ್ಲ ನಿಂತು ಕೇಳಿದ್ರಲ್ಲ, ಈ ಎರಡು ಹೆಸರೂ ವಾರ ವಾರ ನಿಮ್ಮ ಸಭೇಲಿ ಓದಿ ಅಂತ ಬರೀರಿ. ಯಾರಿಗಾದ್ರೂ ಗೊತ್ತಿದ್ದೀತು." ಆಮೇಲೆ, "ಕೆಳಗೆ ನನ್ನ ಗುರುತು ಹಾಕ್ತೀನಿ. ಇದನ್ನ ಹೊಡೆದುಹಾಕಲ್ಲ," ಎಂದ.

ಮಾತೆಯವರು ಸೌಟು ಕೆಳಗಿಟ್ಟರು. ಅವನ ತಲೆಯ ಮೇಲೆ ಕೈಯಿಟ್ಟರು, ಅಷ್ಟೇ. ಅವರು ಅತ್ತದ್ದನ್ನು ಹೋಲ್ಡನ್‌ಶಾದವರು ಕಂಡದ್ದು ಅಂದು ಮಾತ್ರ.

ಯುದ್ಧ ಮುಗಿಯಿತು. ಗುಲಾಮಗಿರಿ ಹೋಯಿತು. ಹತ್ತಿ ಬಂತು, ಸೈಲಸ್ ಮಗ್ಗಕ್ಕೆ ಮರಳಿದ. ಲಿಡಿಯಾರ ಭಾನುವಾರದ ಶಾಲೆಯಲ್ಲಿ, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಿಸಿಕೊಂಡು ಕೂತು ಅಕ್ಷರ ಕಲಿತ. ಅಲ್ಲಿಂದಾಚೆ ಮಾತೆಯವರ ಕಾಗದಗಳನ್ನು ತಾನೇ ಬರೆದ. ಬಾಸ್ಟನ್ನಿನವರು ಮಾತಿಗೆ ತಪ್ಪದೆ ಆ ಹೆಸರುಗಳನ್ನು ಓದುತ್ತಲೇ ಇದ್ದರು. ಮಕ್ಕಳ ಸುದ್ದಿ ಮಾತ್ರ ಬರಲಿಲ್ಲ. ಹೀಗೇ ಕೆಲವು ವರ್ಷ ಕಳೆದು, ಒಂದು ಚಳಿಗಾಲದಲ್ಲಿ ಮಾತೆಯವರು ತಮ್ಮ ನೆಲಮಾಳಿಗೆಯಲ್ಲೇ ಶಾಂತರಾದರು. ಸೇರಾ ತನ್ನ ಕೈಯಾರೆ ಅವರ ದೇಹವನ್ನು ತೊಳೆದಳು. ಎಲ್ಸಿಯ ಪಕ್ಕದಲ್ಲೇ ಅವರಿಗೆ ಜಾಗ ಮಾಡಿದರು.

ಮಣ್ಣುಮಾಡಿ ಬಂದ ಮರುದಿನ ಲಿಡಿಯಾ ಶಾಲೆಯ ಬಾಗಿಲು ತೆಗೆದಾಗ ಸೈಲಸ್ ಹೊಸ್ತಿಲಲ್ಲಿ ಕಾಯುತ್ತಿದ್ದ. ಒಳಗೆ ಬಂದು, ಕಾಗದ ತೆಗೆದು, ಎಂದಿನಂತೆ ಬರೆಯತೊಡಗಿದ. ಲಿಡಿಯಾ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು, "ಇನ್ನು ಯಾರಿಗೋಸ್ಕರ, ಸೈಲಸ್? ಅಮ್ಮ ಹೋದ್ರಲ್ಲ."

ಸೈಲಸ್ ತಲೆಯೆತ್ತಲಿಲ್ಲ. "ಹುಡುಗರು ಎಲ್ಲಾದ್ರೂ ಇದ್ರೆ, ಅಮ್ಮ ಕೊನೇತನಕ ಹುಡುಕ್ತಾ ಇದ್ಲು ಅಂತ ಅವರಿಗೆ ಯಾರಾದ್ರೂ ಹೇಳ್ಬೇಕಲ್ಲ," ಎಂದು ಬರೆಯುವುದನ್ನು ಮುಂದುವರಿಸಿದ.