ಕೊನೆಯ ಸರದಿಯ ಗದ್ದೆ

"ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯವರು ನನ್ನ ಮೊಮ್ಮಗಳಿಗೆ ಸರದಿ ತಪ್ಪಿಸಿ ಸೀಟು ಕೊಡುತ್ತೇವೆ ಎನ್ನುತ್ತಿದ್ದಾರೆ. ನಾನು ಬಾಯಿಬಿಟ್ಟು ಕೇಳಿದ್ದಲ್ಲ. ಈಗ ನನಗೆ ಅಧಿಕಾರವೂ ಇಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ತೆಗೆದುಕೊಳ್ಳಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನ ಕೆರೆಗೆ ಒಂದು ಕಟ್ಟಳೆಯಿತ್ತು. ನೀರು ಮೊದಲು ಕಾಲುವೆಯ ತುದಿಯ ಗದ್ದೆಗೆ ಹೋಗಬೇಕು. ತೂಬಿನ ಪಕ್ಕದ ಗದ್ದೆಗೆ ಎಲ್ಲರದೂ ಮುಗಿದ ಮೇಲೆ. ಹತ್ತಿರದವನು ಕಾಯಬಲ್ಲ, ದೂರದವನು ಕಾಯಲಾರ ಎಂಬುದು ಹಿರಿಯರ ತೀರ್ಮಾನ. ನಾನು ಹೇಳುವ ವರ್ಷ ಆ ಕಟ್ಟಳೆಯನ್ನು ಊರಿಗೆ ಊರೇ ಮುರಿದಿತ್ತು.

ಆ ಊರಿನಲ್ಲಿ ಒಬ್ಬ ಮುದುಕನಿದ್ದ. ಹಿಂದೆ ಅವನು ನೀರಗಂಟಿ. ತೂಬು ಎತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು ಅವನ ಕೆಲಸವಾಗಿತ್ತು. ಅವನ ಕಾಲದಲ್ಲಿ ತುದಿಯ ಗದ್ದೆ ಒಮ್ಮೆಯೂ ಒಣಗಿರಲಿಲ್ಲ. ವಯಸ್ಸಾದ ಮೇಲೆ ಗುದ್ದಲಿಯನ್ನು ಸೋದರಳಿಯನ ಕೈಗೆ ಕೊಟ್ಟು ಮನೆಯಲ್ಲಿ ಕುಳಿತ. ಅವನ ಸ್ವಂತ ಗದ್ದೆ ಇದ್ದದ್ದು ತೂಬಿನ ಪಕ್ಕದಲ್ಲೇ.

ಒಂದು ಬೆಳಗ್ಗೆ ಹೆಂಡತಿ ಎಣ್ಣೆಯ ಪಾತ್ರೆ ಕೊಟ್ಟು ಅವನನ್ನು ಗಾಣಕ್ಕೆ ಕಳಿಸಿದಳು. ದಾರಿ ಕೆರೆಯ ಏರಿಯ ಮೇಲೆ. ಏರಿ ಹತ್ತಿದೊಡನೆ ಅವನ ಬೆನ್ನು ನೆಟ್ಟಗಾಯಿತು. ಹಳೆಯದೊಂದು ದಿನ ನೆನಪಿಗೆ ಬಂತು. ಊರಿನ ಪಟೇಲ ಇದೇ ತೂಬಿನ ಬಳಿ ನಿಂತು, ಮೊದಲು ನನ್ನ ಗದ್ದೆಗೆ ಬಿಡು ಎಂದಿದ್ದ. ಇವನು ಬಿಡಲಿಲ್ಲ.

"ಯಾರ ಉಪ್ಪು ತಿಂದು ಬೆಳೆದೆ, ಗೊತ್ತೇನೋ?" ಎಂದಿದ್ದ ಪಟೇಲ.

"ನಾನು ಕುಡಿದದ್ದು ಕೆರೆಯ ನೀರು, ಸ್ವಾಮಿ. ಅದರಲ್ಲಿ ಉಪ್ಪಿಲ್ಲ."

ಪಟೇಲ ಬಂದ ದಾರಿಯಲ್ಲೇ ಹಿಂದಿರುಗಿದ್ದ. ಅದನ್ನು ನೆನೆದು ಮುದುಕ ಒಬ್ಬನೇ ಗಟ್ಟಿಯಾಗಿ ನಕ್ಕ. ಮೀಸೆಯ ಮೇಲೆ ಕೈಯಾಡಿಸಿದ.

ಆಗ ತನ್ನ ಗದ್ದೆ ಕಣ್ಣಿಗೆ ಬಿತ್ತು. ನೀರು ತುಂಬಿ ನಿಂತಿತ್ತು. ಕಾಲುವೆಯ ಉದ್ದಕ್ಕೂ ಒಬ್ಬೊಬ್ಬ ರೈತನೂ ತನ್ನ ಬದು ಕಡಿದು, ಗದ್ದೆಗೆ ನೀರು ನುಗ್ಗುವ ಮಡೆ ತೆರೆದುಕೊಂಡಿದ್ದ. ತುದಿಯ ಗದ್ದೆ ಒಬ್ಬ ಒಂಟಿ ಹೆಂಗಸಿನದು. ಅಲ್ಲಿಗೆ ಹನಿಯೂ ತಲುಪಿರಲಿಲ್ಲ. ಪೈರು ಹಳದಿಗೆ ತಿರುಗಿತ್ತು.

ಸೋದರಳಿಯ ಓಡಿಬಂದ. "ನೋಡಿದ್ರಾ ಮಾವ? ಈ ಸಲ ನಿಮಗೇ ಮೊದಲು! ಜೀವಮಾನವೆಲ್ಲ ಕೊನೇಲಿ ನಿಂತಿರಿ. ಇದು ಊರು ಮಾಡಿದ ಮರ್ಯಾದೆ. ಒಬ್ಬರೂ ಬೇಡ ಅನ್ನಲಿಲ್ಲ."

"ಯಾಕೆ ಅಂತಾರೆ? ನನ್ನ ಮಡೆ ತೋರಿಸಿ ತಮ್ಮದನ್ನ ತೆರೆದುಕೊಂಡರು."

ಬದುವಿನ ಮೇಲೆ ಕುಳಿತಿದ್ದ ರೈತನೊಬ್ಬ ನಕ್ಕ. "ನೀವೀಗ ನೀರಗಂಟಿ ಅಲ್ಲ, ಯಜಮಾನ್ರೇ. ಹೋಗಿ, ಅಮ್ಮಾವ್ರು ಎಣ್ಣೆಗೆ ಕಾಯ್ತಿರ್ತಾರೆ."

ರೈತ ಹೇಳಿದ್ದು ನಿಜ. ಇನ್ನೊಬ್ಬರ ಮಡೆ ಮುಚ್ಚುವ ಅಧಿಕಾರ ಮುದುಕನಿಗೆ ಈಗ ಇರಲಿಲ್ಲ. ಪಾತ್ರೆಯನ್ನು ಏರಿಯ ಮೇಲಿಟ್ಟು ತನ್ನ ಗದ್ದೆಗೆ ಇಳಿದ. ಎರಡೂ ಕೈಯಲ್ಲಿ ಕೆಸರು ಬಾಚಿ ತನ್ನ ಮಡೆಗೆ ಮೆತ್ತಿದ. ಆಮೇಲೆ ಕೆಳಗಿನ ಬದುವಿಗೆ ಕೈ ಹಾಕಿದ.

"ಬೇಡಿ ಮಾವ! ನಿಮ್ಮ ಪೈರೂ ತೆನೆ ಕಟ್ಟೋ ಹೊಡೆಯಲ್ಲಿದೆ. ಈಗ ನೀರು ತಪ್ಪಿದರೆ ಎಲ್ಲ ಜೊಳ್ಳು."

"ಆಗಲಿ. ನನ್ನ ಸರದಿ ಬಂದಿಲ್ಲ."

ಬದು ಒಡೆದು, ಗದ್ದೆಯಲ್ಲಿ ನಿಂತಿದ್ದ ನೀರನ್ನೆಲ್ಲ ಅವನು ಕಾಲುವೆಗೆ ಬಿಟ್ಟ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಕೇಳಿದ: "ಉಳಿದವರೂ ತಮ್ಮ ಮಡೆ ಮುಚ್ಚಿದರೇ?"

"ಅವನದು ಮುಚ್ಚಿತ್ತು," ಎಂದರು ಗುರುಗಳು.