ಹೋತ ನಂಬಿದ ದಿಮ್ಮಿ

ಉದ್ದ ಗಡ್ಡದ ಹೋತವೊಂದು ತನಗಿಂತ ತಿಳಿದವರಿಲ್ಲ ಎಂದುಕೊಂಡಿತ್ತು. ಒಂದು ದಿನ ಅದು ನೀರು ಕುಡಿಯಲು ಹೊಳೆಗೆ ಇಳಿದಾಗ ದಡದಲ್ಲಿದ್ದ ಟಿಟ್ಟಿಭ ಹಕ್ಕಿ ಕೂಗಿಕೊಂಡಿತು: "ಹೋತಣ್ಣ, ಮುಂದೆ ಹೋಗಬೇಡ! ಅಲ್ಲಿ ಮೊಸಳೆಯಿದೆ!"

"ಅದು ಮರದ ದಿಮ್ಮಿ ಎಂಬುದು ನನ್ನ ನಂಬಿಕೆ. ಮೊಸಳೆ ಎಂಬುದು ನಿನ್ನ ನಂಬಿಕೆ. ಎರಡೂ ಇರಲಿ, ಜಗಳವೇಕೆ?" ಎಂದಿತು ಹೋತ.

"ನಂಬಿಕೆ ಎರಡಿರಬಹುದಣ್ಣ, ಅಲ್ಲಿ ಬಿದ್ದಿರುವುದು ಒಂದೇ!"

ಹೋತ ನಕ್ಕು ನೀರಿಗೆ ಬಗ್ಗಿತು. ದಿಮ್ಮಿ ಗಬಕ್ಕನೆ ಬಾಯಿ ಹಾಕಿ ಗಡ್ಡ ಹಿಡಿಯಿತು. ಹೋತ ಜೀವಭಯದಿಂದ ಹಿಂದಕ್ಕೆ ಜಗ್ಗಿದ ರಭಸಕ್ಕೆ ಗಡ್ಡ ಕಿತ್ತುಬಂದು ಮೊಸಳೆಯ ಬಾಯಲ್ಲೇ ಉಳಿಯಿತು.

ಬೋಳು ಗಲ್ಲದೊಂದಿಗೆ ಮನೆಗೆ ಬಂದ ಗಂಡನನ್ನು ಕಂಡು ಹೆಣ್ಣಾಡು ಗಾಬರಿಯಾಯಿತು. "ಅಯ್ಯೋ, ಏನಾಯಿತು ನಿಮಗೆ?"

"ನನ್ನ ನಂಬಿಕೆಯೇನೋ ಬಲು ಗಟ್ಟಿಯಾಗಿತ್ತು ಕಣೇ," ಎಂದಿತು ಹೋತ. "ಹಾಳಾದ್ದು, ಆ ದಿಮ್ಮಿಗೆ ಹಲ್ಲಿತ್ತು!"