ದರ್ಜಿ ಅಂಗಡಿಯ ಶನಿವಾರ

"ಗುರುಗಳೇ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ತಪ್ಪೇ?" ಎಂದು ತೋಟೇಶ ಕೇಳಿದ.

ಸಂಗೀತ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಹೊರಟುಹೋಗಿದ್ದರು. ರೇವಯ್ಯ ಗುರುಗಳು ಹಾರ್ಮೋನಿಯಂಗೆ ಬಟ್ಟೆ ಹೊದಿಸುತ್ತಾ, "ಏನಾಯಿತು, ಹೇಳು" ಎಂದರು.

ತೋಟೇಶ ಹೇಳಿದ. ಅವನಿಗೆ ಇನಾಯತ್ ಎಂಬ ಗೆಳೆಯ, ಒಂದನೇ ತರಗತಿಯಿಂದ ಜೊತೆ. ಹೊಸ ಸಿನಿಮಾ ಬಂದ ವಾರವೇ ಇಬ್ಬರೂ ಹೋಗುವುದು, ಆಟ ಬಿಟ್ಟ ಮೇಲೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅದರ ಬಗ್ಗೆ ಮಾತಾಡುವುದು, ಇದು ಹದಿನೈದು ವರ್ಷದ ವಾಡಿಕೆ. ಹೋದ ತಿಂಗಳು ನೋಡಿದ ಚಿತ್ರ ತುಂಬ ಚೆನ್ನಾಗಿದೆ ಎಂದು ಇನಾಯತ್ ಅಂದ. ಯಾಕೆ ಎಂದು ಕೇಳದೆಯೇ, ಅದು ಹೇಗೆ ಚೆನ್ನಾಗಿಲ್ಲ ಎಂಬುದನ್ನು ತೋಟೇಶ ಒಂದೊಂದಾಗಿ ಬಿಡಿಸಿ ಹೇಳಿದ. ಪಕ್ಕದ ಮೇಜಿನವರೂ ಕಿವಿಗೊಟ್ಟು ಕೇಳಿ ನಕ್ಕರು. ಇನಾಯತ್ ಅರ್ಧ ಚಹಾ ಬಿಟ್ಟು ಎದ್ದುಹೋದ. ಆಮೇಲೆ ನಾಲ್ಕು ಶುಕ್ರವಾರ ಕಳೆದರೂ ಅವನ ಸುಳಿವಿಲ್ಲ.

"ನಾನು ಆಡಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಗುರುಗಳೇ. ಅವನಿಲ್ಲದೆ ಸಿನಿಮಾಕ್ಕೆ ಹೋಗಲು ಮನಸ್ಸೇ ಬರುತ್ತಿಲ್ಲ. ಹಾಗಂತ ಸುಳ್ಳು ಹೇಳಿ ಅವನನ್ನು ಉಳಿಸಿಕೊಳ್ಳಬೇಕೇ?"

"ಕೂತುಕೋ. ನಿನ್ನಂಥವನೇ ಆದ ಒಬ್ಬನ ಕತೆ ಹೇಳುತ್ತೇನೆ" ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಆ ಊರಿಗೆ ಟೆಂಟ್ ಸಿನಿಮಾ ಬಂದಿತ್ತು. ಅಯ್ಯೋ, ನಿಮ್ಮ ಕಾಲದವರಿಗೆ ಅದೆಲ್ಲಿ ಗೊತ್ತಾಗಬೇಕು! ಸಂಜೆ ಧ್ವನಿವರ್ಧಕದಲ್ಲಿ ದೇವರ ಹಾಡು ಹಾಕುತ್ತಿದ್ದರು. ಅದು ಕಿವಿಗೆ ಬಿದ್ದರೆ ಊರಿಗೆ ಊರೇ ಒಲೆ ಆರಿಸಿ ಹೊರಡುತ್ತಿತ್ತು. ಕೂರುವುದು ಮರಳಿನ ಮೇಲೆ. ಮುಂದಿನವನ ತಲೆ ಅಡ್ಡ ಬಂದರೆ ಮರಳನ್ನೇ ಗುಡ್ಡೆ ಮಾಡಿ ಎತ್ತರದಲ್ಲಿ ಕೂರುವುದು. ಹಿಂದಿನವನು ಬೈದರೆ ಅವನೂ ಗುಡ್ಡೆ ಮಾಡಿಕೊಳ್ಳುವುದು. ನಡುವೆ ಉದ್ದಕ್ಕೆ ಒಂದು ಬಟ್ಟೆ ಕಟ್ಟಿರುತ್ತಿದ್ದರು, ಈ ಕಡೆ ಗಂಡಸರು, ಆ ಕಡೆ ಹೆಂಗಸರು. ರೀಲು ಬದಲಿಸಲು ದೀಪ ಹಾಕಿದರೆ ಎರಡೂ ಕಡೆಯವರು ಗಡಿಬಿಡಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಎಂಥ ದಿನಗಳಪ್ಪಾ ಅವು! ಇರಲಿ, ದರ್ಜಿಯ ವಿಷಯಕ್ಕೆ ಬರೋಣ.

ದರ್ಜಿಯ ಹೆಂಡತಿ ಅಂಗಡಿಯ ಒಳಗೆ ಕೂತು ಗುಂಡಿ ಹಚ್ಚುತ್ತಿದ್ದಳು, ಗುಂಡಿ ತೂರಿಸಲು ಕಾಜಾ ಹೊಲಿಯುತ್ತಿದ್ದಳು. ಶುಕ್ರವಾರ ಬಂದರೆ ಇಬ್ಬರೂ ಮೊದಲ ಆಟಕ್ಕೆ ಹೋಗುವರು. ಅವನು ಬಟ್ಟೆಯ ಈ ಕಡೆ, ಅವಳು ಆ ಕಡೆ. ಆಟ ಬಿಟ್ಟ ಮೇಲೆ ಮನೆ ಮುಟ್ಟುವವರೆಗೂ ಅವಳು ಅವನಿಗೆ ಅದೇ ಸಿನಿಮಾದ ಕತೆ ಹೇಳುವಳು. ತಾನೂ ನೋಡಿದ್ದನ್ನೇ ಅವನು ಮತ್ತೆ ಯಾಕೆ ಕೇಳಬೇಕು? ಯಾಕೆಂದರೆ ಅವನು ಕಾಣದ್ದು ಅವಳಿಗೆ ಕಂಡಿರುತ್ತಿತ್ತು. "ಬಾವಿ ಹತ್ರ ನಿಂತಿದ್ದಳಲ್ಲ ಆ ಕೆಲಸದೋಳು, ಮೊದಲಿಂದ ಕೊನೇವರೆಗೂ ಒಂದು ಮಾತಾಡಲಿಲ್ಲ, ನೋಡಿದ್ರಾ? ಅವಳಿಗೂ ಆ ಯಜಮಾನನ ಮೇಲೆ ಮನಸ್ಸಿತ್ತು" ಎನ್ನುವಳು. ದರ್ಜಿಗೆ ಕೆಲಸದವಳು ಇದ್ದದ್ದೇ ನೆನಪಿಲ್ಲ. ಒಂದು ಟಿಕೆಟ್ಟಿಗೆ ಎರಡು ಸಿನಿಮಾ ನೋಡಿದ ಹಾಗಾಗುತ್ತಿತ್ತು ಅವನಿಗೆ. ವಾರವೆಲ್ಲ ಆ ದಾರಿಯ ಮಾತಿಗಾಗಿ ಕಾಯುತ್ತಿದ್ದ.

ಇನ್ನು ಶನಿವಾರ. ಆಟ ನೋಡಿದವರೆಲ್ಲ ಬೆಳಿಗ್ಗೆ ದರ್ಜಿಯ ಅಂಗಡಿ ಕಟ್ಟೆಯ ಮೇಲೆ ಸೇರಿ ಅಭಿಪ್ರಾಯ ಹೇಳುವುದು, ನೋಡದವರು ಅದನ್ನು ಕೇಳಿ ಹೋಗುವುದೋ ಬೇಡವೋ ಎಂದು ತೀರ್ಮಾನಿಸುವುದು ಆ ಊರಿನ ಪದ್ಧತಿ. ಒಬ್ಬನಿಗೆ ಹೊಡೆದಾಟ ಸಾಲದು. ಒಬ್ಬನಿಗೆ ಹಾಡು ಜಾಸ್ತಿ. ನಾಯಕಿಯನ್ನು ಸಾಯಿಸಬಾರದಿತ್ತು ಎಂದು ಇನ್ನೊಬ್ಬ ನಿಜವಾಗಿ ಸಿಟ್ಟಾಗುವನು. ಎಲ್ಲರದೂ ಮುಗಿದ ಮೇಲೆ ದರ್ಜಿ ಕತ್ತರಿ ಕೆಳಗಿಟ್ಟು ಬಾಯಿ ತೆರೆಯುವನು. ಅವನದು ದರ್ಜಿಯ ಕಣ್ಣು. ಬಡವನ ಅಂಗಿ ಹೊಚ್ಚ ಹೊಸದು, ಮೇಲೆ ತೇಪೆ ಅಂಟಿಸಿದ್ದಾರೆ ಅನ್ನುವನು. ಮನೆಯಿಂದ ಹೊರಟಾಗ ನಾಯಕನ ಕೋಟಿಗೆ ಮೂರು ಗುಂಡಿ, ಬೀದಿಗೆ ಬಂದಾಗ ನಾಲ್ಕು ಅನ್ನುವನು. ಜನ ಹೊಟ್ಟೆ ಹಿಡಿದುಕೊಂಡು ನಗುವರು. ಇಷ್ಟು ಹೊಗಳಿಕೆ ಸಿಕ್ಕಿದರೆ ಯಾರಿಗೆ ತಲೆಗೇರುವುದಿಲ್ಲ? ಇವನಿಗೂ ಏರಿತು.

ಒಂದು ಶುಕ್ರವಾರದ ಚಿತ್ರದಲ್ಲಿ ಒಬ್ಬ ತಾಯಿ ದೀಪದ ಮುಂದೆ ಕೂತು ಮಗನ ಹರಿದ ಅಂಗಿ ಹೊಲಿಯುತ್ತಾಳೆ. ಮಗ ಅವಳ ತೊಡೆಯ ಮೇಲೆ ಮಲಗಿ ನೋಡುತ್ತಾ ನಿದ್ದೆ ಹೋಗುತ್ತಾನೆ. ಅಷ್ಟೇ. ಟೆಂಟಿಗೆ ಟೆಂಟೇ ಅತ್ತಿತು. ಅಂದು ದಾರಿಯಲ್ಲಿ ಹೆಂಡತಿ ಮಾತಾಡಲಿಲ್ಲ, ಅಳುತ್ತಲೇ ಬಂದಳು. ದರ್ಜಿಗೆ ಅದರ ಮೇಲೆ ಗಮನವಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಏನು ಹೇಳಬೇಕೆಂದು ಯೋಚಿಸುತ್ತಿದ್ದ.

ಬೆಳಿಗ್ಗೆ ಹೇಳಿದ. "ಅಲ್ರಯ್ಯಾ, ಆ ಸೂಜೀಲಿ ದಾರವೇ ಇಲ್ಲ! ಬರೀ ಸೂಜಿ ಆಡಿಸ್ತಾ ಕೂತಿದಾಳೆ ಮಹಾತಾಯಿ. ನೀವು ಗೊಳೋ ಅಂತ ಅತ್ತಿದ್ದು ಯಾತಕ್ಕೆ? ಗಾಳೀಲಿ ಹೊಲಿದಿದ್ದಕ್ಕೆ!"

ಕಟ್ಟೆ ನಗೆಯಲ್ಲಿ ಮುಳುಗಿತು. ಆಗ ಒಳಗಿನಿಂದ ಹೆಂಡತಿಯ ದನಿ ಬಂತು. ಕಟ್ಟೆಯ ಮಾತಿಗೆ ಅವಳು ಬಾಯಿ ಹಾಕಿದ್ದು ಅದೇ ಮೊದಲು. "ನನಗೆ ಅದೇ ಜಾಗ ಚೆನ್ನಾಗಿತ್ತು" ಎಂದಳು.

ದರ್ಜಿ ಸುಮ್ಮನಿರಬಹುದಿತ್ತು. ನಗೆಯ ರುಚಿ ಹತ್ತಿದವನು ಸುಮ್ಮನಿರುತ್ತಾನೆಯೇ? "ಕೇಳಿದ್ರಾ? ಸೂಜೀಲಿ ದಾರ ಇಲ್ಲದ್ದು ಇವಳಿಗೆ ಕಾಣಲಿಲ್ಲವಂತೆ. ನಿಮ್ಮ ಅಂಗಿ ಗುಂಡಿ ಹಚ್ಚೋಳು ಇವಳೇ, ಹುಷಾರಪ್ಪಾ!" ಎಂದ. ಒಬ್ಬ ಆಸಾಮಿ ಎದ್ದು ನಿಂತು ತನ್ನ ಗುಂಡಿ ಎಳೆದೆಳೆದು ನೋಡಿ ಇನ್ನಷ್ಟು ನಗಿಸಿದ. ಅವಳು ಕೈಯಲ್ಲಿದ್ದ ಕೆಲಸ ಮುಗಿಸಿ ಅಡುಗೆಮನೆಗೆ ಹೋದಳು.

ಮುಂದಿನ ಶುಕ್ರವಾರ ದಾರಿಯಲ್ಲಿ ದರ್ಜಿ ಎಂದಿನಂತೆ, "ಹೇಗಿತ್ತು?" ಎಂದು ಕೇಳಿದ. "ಚೆನ್ನಾಗಿತ್ತು" ಎಂದಳು. ಮುಂದೆ ಮಾತಿಲ್ಲ. ಅದರ ಮುಂದಿನ ವಾರವೂ ಚೆನ್ನಾಗಿತ್ತು. ಮುನಿಸು, ನಾಲ್ಕು ದಿನಕ್ಕೆ ಹೋಗುತ್ತದೆ ಅಂದುಕೊಂಡ. ಮುನಿಸಾಗಿದ್ದರೆ ಹೋಗುತ್ತಿತ್ತು. ಅವಳು ನಗುತ್ತಿದ್ದಳು, ಬಡಿಸುತ್ತಿದ್ದಳು, ನೆರೆಹೊರೆಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಸಿನಿಮಾದ ಮಾತಿಗೆ ಮಾತ್ರ ಆ ಒಂದೇ ಪದ. ದರ್ಜಿಗೆ ಒಳಗೊಳಗೇ ಸಂಕಟ. ತಪ್ಪಾಯಿತು ಅನ್ನಲು ನಾಲಗೆ ಹೊರಳಲಿಲ್ಲ. ಎಷ್ಟೆಂದರೂ ಊರೆಲ್ಲ ಮೆಚ್ಚಿದ ಮಾತುಗಾರ ನೋಡು!

ಟೆಂಟ್ ಕಿತ್ತರು, ಆ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿತು. ಊರಿಗೆ ಟಾಕೀಸು ಬಂತು. ಅಲ್ಲಿ ನಡುವೆ ಬಟ್ಟೆ ಇರಲಿಲ್ಲ, ಗಂಡಹೆಂಡತಿ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತರು. ಹೊರಗೆ ಬಂದಾಗ ಅವನು ಕೇಳುವನು, ಅವಳು ಚೆನ್ನಾಗಿತ್ತು ಅನ್ನುವಳು. ಜನ ಸಿದ್ಧ ಉಡುಪು ಕೊಳ್ಳತೊಡಗಿದರು, ಕಟ್ಟೆಯ ಗೆಳೆಯರು ಒಬ್ಬೊಬ್ಬರಾಗಿ ತೀರಿಕೊಂಡರು. ಶನಿವಾರ ಬೆಳಿಗ್ಗೆ ದರ್ಜಿ ಖಾಲಿ ಕಟ್ಟೆ ನೋಡುತ್ತಾ ಕೂರುತ್ತಿದ್ದ. ಅವನಿಗೆ ಆ ನಗೆಗಳು ನೆನಪಾಗುತ್ತಿರಲಿಲ್ಲ. ಟೆಂಟಿನಿಂದ ಮನೆಯವರೆಗಿನ ದಾರಿ ನೆನಪಾಗುತ್ತಿತ್ತು.

ಹೀಗೆ ಮೂವತ್ತು ವರ್ಷ. ಒಂದು ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ಅದೇ ಚಿತ್ರ ಬಂತು. ಅದೇ ತಾಯಿ, ಅದೇ ದೀಪ, ಅದೇ ಸೂಜಿ. ದರ್ಜಿ ಪಕ್ಕಕ್ಕೆ ತಿರುಗಿದ. ಹೆಂಡತಿ ಅಳುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ. "ಹೌದೇ, ಆವತ್ತು ನಿನಗೆ ನಿಜವಾಗ್ಲೂ ಕಾಣಲಿಲ್ವಾ? ದಾರ ಇಲ್ಲದ್ದು?"

"ಕಾಣದೆ ಏನು? ಕಾಣ್ತು" ಎಂದಳು ಅವಳು. "ಅವಳ ಮನೇಲಿ ದಾರ ಇರಲಿಲ್ಲ. ಅಂಗಿ ಸರಿಹೋಯ್ತು ಅಂದ್ಕೊಂಡು ಮಗು ಮಲಗಲಿ ಅಂತ ಹೊಲಿಯೋ ಹಾಗೆ ಮಾಡ್ತಿದ್ದಾಳೆ. ನಮ್ಮವ್ವನೂ ಹಾಗೇ ಮಾಡೋಳು."

ಅತ್ತೆ ಹೀಗೆ ಮಾಡುತ್ತಿದ್ದಳೆಂದು ಇಷ್ಟು ವರ್ಷದ ಸಂಸಾರದಲ್ಲಿ ದರ್ಜಿಗೆ ಗೊತ್ತೇ ಇರಲಿಲ್ಲ. ಹೆಂಡತಿಯ ಕೈ ಹಿಡಿದುಕೊಂಡು, "ಆಮೇಲೆ ಎಷ್ಟೊಂದು ಸಿನಿಮಾ ನೋಡಿದ್ವಲ್ಲ, ಅದರಲ್ಲೆಲ್ಲ ಏನೇನು ಕಂಡೆ? ಈಗಲಾದ್ರೂ ಹೇಳೇ" ಎಂದು ಬೇಡಿಕೊಂಡ.

ಅವಳು ಯೋಚಿಸಿದಳು. ಹೇಳಬೇಕೆಂಬ ಮನಸ್ಸು ಅವಳಿಗೂ ಇತ್ತು. "ಅದೆಲ್ಲ ಈಗ ಎಲ್ಲಿ ನೆನಪಿರುತ್ತೆ?" ಎಂದಳು. ದರ್ಜಿ ಮಗುವಿನ ಹಾಗೆ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ತೋಟೇಶ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದ.

"ಗುರುಗಳೇ, ಹಾಗಾದರೆ ಆ ಚಿತ್ರ ಮಾಡಿದವರು ದಾರವನ್ನು ಬೇಕೆಂದೇ ಬಿಟ್ಟಿದ್ದರೋ, ಇಲ್ಲ ಹಾಕಲು ಮರೆತಿದ್ದರೋ?"

"ಅದು ನನಗೂ ಗೊತ್ತಿಲ್ಲ. ಇನಾಯತ್‌ಗೆ ನೀವು ನೋಡಿದ ಚಿತ್ರ ಯಾಕೆ ಚೆನ್ನಾಗಿತ್ತು, ಅದನ್ನು ಹೇಳು" ಎಂದರು ಗುರುಗಳು.